ಬೆಳಕನ್ನು ತಡೆದು ನಿಲ್ಲಿಸಿದರೆ ಸುದ್ದಿ ಉಳಿದೀತೇ?

ಜಗತ್ತೆಲ್ಲ ವೇಗದ ಬೆನ್ನು ಹತ್ತಿರುವ ಕಾಲದಲ್ಲಿ ಬೆಳಕನ್ನು ನಿಧಾನ ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡ ವಿಜ್ಞಾನಿಗಳಿದ್ದಾರೆ ಎಂದರೆ ವಾಚಕರಿಗೆ ನಗು ಬಂದೀತು. ಲೋಕಲ್ ಗಾಡಿ ಎರಡು ನಿಮಿಷ ತಡವಾದರೆ ಗೊಣಗುವವರು ನಾವು. ಸೃಷ್ಟಿಯಲ್ಲೇ ಅತಿ ವೇಗದ ವಸ್ತುವನ್ನು ಹಿಡಿದು 'ಸ್ವಲ್ಪ ತಾಳು' ಎನ್ನುವ ಹವ್ಯಾಸ ನಮಗೆ ವಿಚಿತ್ರವಾಗಿ ಕಾಣುವುದು ಸಹಜವೇ. ಆದರೆ ಅದರ ಹಿಂದೆ ಹುಚ್ಚಾಟವಿಲ್ಲ. ಮೊಬೈಲಿನ ಮೂಲಕ ನಾವು ಊರಿಗೆ ಕಳಿಸುವ ಹಣದ ಲೆಕ್ಕ, ಮನೆಯವರೊಡನೆ ಆಡುವ ಮಾತು, ರೈಲಿನ ಟಿಕೆಟ್ಟು, ಎಲ್ಲವೂ ಇಂದು ಬಹುಮಟ್ಟಿಗೆ ಬೆಳಕಾಗಿಯೇ ಪ್ರಯಾಣ ಮಾಡುತ್ತವೆ. ಹಾಗೆ ಹೋಗುವ ಬೆಳಕು ಹಾದಿಯ ಕೂಡುರಸ್ತೆಗಳಲ್ಲಿ ಒಂದು ಕ್ಷಣ ಕಾಯಬೇಕಾಗುತ್ತದೆ. ಬೆಳಕಿಗೋ ಕಾದು ನಿಲ್ಲುವುದು ಗೊತ್ತಿಲ್ಲ. ತೊಡಕು ಹುಟ್ಟಿದ್ದು ಅಲ್ಲಿಂದ.

ಮೊದಲು ಬೆಳಕು ಸುದ್ದಿಯನ್ನು ಹೊರುವ ರೀತಿಯನ್ನು ನೋಡೋಣ. ನಮ್ಮ ದೇಶದಲ್ಲಿ ತಾರು ಸೇವೆ ನಿಂತದ್ದು ೨೦೧೩ರ ಜುಲೈ ತಿಂಗಳಲ್ಲಿ. ತಾರಿನ ಯಂತ್ರ ಚುಕ್ಕೆ ಮತ್ತು ಗೆರೆ ಎಂಬ ಎರಡೇ ಗುರುತುಗಳಿಂದ ಎಲ್ಲ ಮಾತನ್ನೂ ಆಡುತ್ತಿದ್ದುದನ್ನು ಹಿರಿಯರು ಬಲ್ಲರು. ಇಂದಿನ ವ್ಯವಸ್ಥೆಯೂ ಅದರ ಮೊಮ್ಮಗುವೇ. ಒಂದು ಮಿನುಗು ಇದ್ದರೆ '೧', ಇಲ್ಲದಿದ್ದರೆ '೦'. ಇಂತಹ ಒಂದೊಂದು ಗುರುತಿಗೂ ಬಿಟ್ ಎಂದು ಹೆಸರು. ಮಿನುಗುಗಳು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ, ಅಂದರೆ ಆಪ್ಟಿಕಲ್ ಫೈಬರಿನಲ್ಲಿ, ಹರಿದು ಹೋಗುತ್ತವೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್ಕಿನ್ಸ್ ಅವರೊಡನೆ ಕೆಲಸ ಮಾಡಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ಪ್ರಕಟಿಸಿದರು. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ದೂರದ ಸಂಪರ್ಕಕ್ಕೂ ಅದು ಒದಗುವುದೆಂದು ೧೯೬೬ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವ್. ಅದಕ್ಕಾಗಿ ೨೦೦೯ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿ ಅಂತಹ ಗಾಜನ್ನು ಮಾಡಿಯೂ ತೋರಿಸಿತು. ಇಂದಿನ ಒಳ್ಳೆಯ ಎಳೆಯಲ್ಲಿ ಬೆಳಕು ಅರ್ಧಕ್ಕೆ ಇಳಿಯಬೇಕಾದರೆ ಸುಮಾರು ೧೫ ಕಿಲೋಮೀಟರ್ ಸಾಗಬೇಕು. ಕಿಟಕಿಯ ಗಾಜನ್ನು ಅಂಚಿನ ಕಡೆಯಿಂದ ನೋಡಿ ಹಸಿರು ಕತ್ತಲೆ ಕಂಡವರಿಗೆ ಇದು ಎಂತಹ ಶುದ್ಧಿಯೆಂಬುದು ತಿಳಿದೀತು.

ಬಯಲಿನಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಓಡುವ ಬೆಳಕು ಗಾಜಿನೊಳಗೆ ಸುಮಾರು ೨ ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಮುಂಬಯಿಯಿಂದ ಬೆಂಗಳೂರಿಗೆ ಕೇಬಲ್ಲಿನ ಹಾದಿ ೧೦೦೦ ಕಿಲೋಮೀಟರ್ ಎಂದಿಟ್ಟುಕೊಂಡರೆ ಪ್ರಯಾಣಕ್ಕೆ ಬೇಕಾದದ್ದು ಸೆಕೆಂಡಿನ ಸಾವಿರದ ಐದು ಪಾಲು. ಒಂದು ಎಳೆಯಲ್ಲಿ ಒಂದು ಬಣ್ಣದ ಬೆಳಕಿನಿಂದ ಸೆಕೆಂಡಿಗೆ ೧೦೦೦ ಕೋಟಿ ಬಿಟ್ ಕಳಿಸುವುದು ಈಗ ಹಳೆಯ ಸಂಗತಿ. ಆ ಲೆಕ್ಕದಲ್ಲಿ ಒಂದೊಂದು ಬಿಟ್ಟಿನ ಉದ್ದ ಗಾಜಿನೊಳಗೆ ಬರಿಯ ೨ ಸೆಂಟಿಮೀಟರ್. ಯಾವುದೇ ಕ್ಷಣದಲ್ಲಿ ನೋಡಿದರೂ ಈ ಎರಡು ಊರುಗಳ ನಡುವೆ, ಒಂದೇ ಎಳೆಯೊಳಗೆ, ೫ ಕೋಟಿ ಬಿಟ್ಟುಗಳು ಸಾಲುಗಟ್ಟಿ ದಾರಿಯಲ್ಲಿರುತ್ತವೆ.

ಸಾಲು ಎಂದಮೇಲೆ ಕಾಯುವುದೂ ಬಂತು. ಸುದ್ದಿಯನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿನ ಮೇಲೂ ವಿಳಾಸ ಬರೆದು ಕಳಿಸುತ್ತಾರೆ. ದಾರಿಯಲ್ಲಿ ರೌಟರ್ ಎಂಬ ಯಂತ್ರಗಳು ಆರ್.ಎಂ.ಎಸ್. ಡಬ್ಬಿಯಲ್ಲಿ ಕುಳಿತು ಕಾಗದ ವಿಂಗಡಿಸುವವರಂತೆ ವಿಳಾಸ ಓದಿ, ಯಾವ ಕಟ್ಟು ಯಾವ ಕಡೆಗೆ ಎಂದು ತೀರ್ಮಾನಿಸುತ್ತವೆ. ಎರಡು ದಿಕ್ಕಿನಿಂದ ಬಂದ ಎರಡು ಕಟ್ಟುಗಳು ಒಂದೇ ಬಾಗಿಲಿನಲ್ಲಿ ಹೊರಡಬೇಕಾದರೆ ಒಂದು ಕಾಯಲೇಬೇಕು. ಇಂದು ಏನು ಮಾಡುತ್ತಾರೆ? ಬಂದ ಬೆಳಕನ್ನು ಮೊದಲು ವಿದ್ಯುತ್ತಾಗಿ ಬದಲಾಯಿಸಿ, ವಿದ್ಯುತ್ತಿನ ನೆನಪಿನ ಕೋಶಗಳಲ್ಲಿ ಕೂಡಿಟ್ಟು, ಸರದಿ ಬಂದಾಗ ಮತ್ತೆ ಬೆಳಕಾಗಿ ಮಾಡಿ ಕಳಿಸುತ್ತಾರೆ. ಇದಕ್ಕೆ ಯಂತ್ರವೂ ಬೇಕು, ಕರೆಂಟೂ ಬೇಕು, ಹುಟ್ಟುವ ಬಿಸಿಯನ್ನು ಹೊರಹಾಕಲು ಮತ್ತಷ್ಟು ಕರೆಂಟು ಬೇಕು. ಬೆಳಕನ್ನು ಬೆಳಕಾಗಿಯೇ ತುಸು ಹೊತ್ತು ಹಿಡಿದಿಡಲು ಬಂದರೆ ಈ ವೇಷ ಬದಲಾವಣೆಯೆಲ್ಲ ತಪ್ಪುತ್ತದಲ್ಲ ಎಂಬುದು ಆಸೆ.

ಎಳೆಯನ್ನೇ ಸುರುಳಿ ಸುತ್ತಿ ಬೆಳಕನ್ನು ಅದರೊಳಗೆ ಸುತ್ತಾಡಿಸಬಹುದು. ೧೫೦೦ ಬೈಟಿನ ಒಂದು ಕಟ್ಟು, ಎಂದರೆ ೧೨,೦೦೦ ಬಿಟ್, ಪೂರ್ತಿ ಕಾಯಲು ಸುಮಾರು ೨೪೦ ಮೀಟರ್ ಎಳೆ ಸಾಕು. ಆದರೆ ಸುರುಳಿ ಎಷ್ಟು ಉದ್ದವೋ ತಡವೂ ಅಷ್ಟೇ, ಒಮ್ಮೆ ಒಳಹೊಕ್ಕ ಮೇಲೆ ಹೆಚ್ಚಿಲ್ಲ ಕಡಿಮೆಯಿಲ್ಲ. ಕಾಯುವ ಹೊತ್ತು ಮಾತ್ರ ಪ್ರತಿ ಸಲವೂ ಬೇರೆ. ಬೇಕಾದಾಗ ಬೇಕಾದಷ್ಟು ತಡೆದು, ಬೇಡವಾದಾಗ ಬಿಡುವಂತಹ ಗುಬುಟು ಒಂದು ಬೇಕು. ನಿಧಾನಗತಿಯ ಬೆಳಕಿನ ಉಪಕರಣ ಆಗಬೇಕಾಗಿದ್ದುದು ಅಂತಹ ಗುಬುಟು.

ಈಗ ಬೆಳಕನ್ನು ನಿಧಾನಿಸುವ ಬಗೆ. ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಈ ಭಾಗವನ್ನೇ ಹಾರಿಸಿ ಬರೆಯುತ್ತಾರೆ. ಬೆಳಕಿನ ಒಂದು ಮಿನುಗು ಒಂದೇ ಬಣ್ಣದ್ದಲ್ಲ. ತುಸು ತುಸು ವ್ಯತ್ಯಾಸವಿರುವ ಅನೇಕ ಬಣ್ಣಗಳ ಅಲೆಗಳು ಎಲ್ಲಿ ಒಂದಕ್ಕೊಂದು ಹೊಂದಿಕೊಂಡು ಏಳುತ್ತವೋ ಅಲ್ಲಿ ಮಿನುಗು, ಎಲ್ಲಿ ಒಂದನ್ನೊಂದು ಅಳಿಸುತ್ತವೋ ಅಲ್ಲಿ ಕತ್ತಲೆ. ಹಲ್ಲುಗಳ ಒತ್ತು ಸ್ವಲ್ಪವೇ ಬೇರೆಯಾಗಿರುವ ಎರಡು ಬಾಚಣಿಗೆಗಳನ್ನು ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿದು ನೋಡಿ, ಅಲ್ಲಲ್ಲಿ ಅಗಲವಾದ ಮಬ್ಬು ಪಟ್ಟಿಗಳು ಕಾಣುತ್ತವೆ. ಎರಡನ್ನೂ ಒಟ್ಟಿಗೆ ಸರಿಸಿದರೆ ಪಟ್ಟಿಯೂ ಜೊತೆಗೇ ಸರಿಯುತ್ತದೆ. ಒತ್ತು ಹಲ್ಲಿನದನ್ನು ಮಾತ್ರ ಕೂದಲೆಳೆಯಷ್ಟು ನಿಧಾನವಾಗಿ ಸರಿಸಿದರೆ ಪಟ್ಟಿ ಬಹಳ ಹಿಂದೆ ಬೀಳುತ್ತದೆ. ಸರಿಯಾಗಿ ಅಳತೆ ಹಿಡಿದರೆ ಬಾಚಣಿಗೆಗಳು ಮುಂದೆ ಹೋಗುತ್ತಿದ್ದರೂ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ. ಬಾಚಣಿಗೆಯ ವೇಗ ಬೇರೆ, ಪಟ್ಟಿಯ ವೇಗ ಬೇರೆ. ಬೆಳಕಿನಲ್ಲಿಯೂ ಒಂದೊಂದು ಅಲೆಯ ವೇಗ ಬೇರೆ, ಅಲೆಗಳ ಗುಂಪಿನ ವೇಗ ಬೇರೆ. ಸುದ್ದಿ ಇರುವುದು ಗುಂಪಿನಲ್ಲಿ. ಆದುದರಿಂದ ಬಿಡಿ ಅಲೆಗಳ ವೇಗಕ್ಕೆ ಹೆಚ್ಚು ಕೈ ಹಾಕದೆ, ಒಂದು ಬಣ್ಣಕ್ಕೂ ಪಕ್ಕದ ಬಣ್ಣಕ್ಕೂ ವೇಗದಲ್ಲಿ ಕೊಂಚ ಭೇದ ಮಾಡಿದರೆ ಸಾಕು, ಗುಂಪು ಹಿಂದೆ ಬೀಳುತ್ತದೆ. ನೆರೆಯ ಬಣ್ಣಗಳ ನಡುವೆ ಭೇದ ಎಷ್ಟು ಕಡಿದಾಗಿದೆಯೋ ತಡ ಅಷ್ಟು ಹೆಚ್ಚು.

ಇಂತಹ ಕಡಿದಾದ ಭೇದವನ್ನು ಪ್ರಕೃತಿ ಕೊಡುವುದು ಒಂದೇ ಸನ್ನಿವೇಶದಲ್ಲಿ. ಯಾವುದಾದರೂ ವಸ್ತು ಅತಿ ಕಿರಿದಾದ ಒಂದು ಬಣ್ಣದ ಪಟ್ಟಿಯನ್ನು ಮಾತ್ರ ವಿಶೇಷವಾಗಿ ಒಳಗೆ ಬಿಟ್ಟುಕೊಂಡರೆ ಅಥವಾ ಬಲಪಡಿಸಿದರೆ, ಆ ಪಟ್ಟಿಯ ಮಧ್ಯದಲ್ಲಿ ವಕ್ರೀಭವನಾಂಕ ಬೆಟ್ಟದ ಮೆಟ್ಟಿಲಿನಂತೆ ಥಟ್ಟನೆ ಏರುತ್ತದೆ. ಲೇನೆ ಹೌ ಎಂಬ ಡೆನ್ಮಾರ್ಕಿನ ವಿಜ್ಞಾನಿ ೧೯೯೯ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಇದನ್ನೇ ಮಾಡಿದರು. ಸೋಡಿಯಂ ಪರಮಾಣುಗಳ ಮೋಡವೊಂದನ್ನು ಪರಮಶೂನ್ಯದ ಅತಿ ಸಮೀಪಕ್ಕೆ ತಣಿಸಿ, ಅದರೊಳಗೆ ಬೆಳಕಿನ ಗುಂಪನ್ನು ಸೆಕೆಂಡಿಗೆ ೧೭ ಮೀಟರಿಗೆ ಇಳಿಸಿದರು. ಗಂಟೆಗೆ ೬೧ ಕಿಲೋಮೀಟರ್ ಎಂದಾಯಿತು, ನಮ್ಮ ಎಕ್ಸ್‌ಪ್ರೆಸ್ ಗಾಡಿ ಅದನ್ನು ಹಿಂದೆ ಹಾಕೀತು. ಅಷ್ಟು ತಣಿದ ಪರಮಾಣುಗಳು ಸೇರುವ ಆ ವಿಚಿತ್ರ ಸ್ಥಿತಿಗೆ ಬೋಸ್-ಐನ್‌ಸ್ಟೈನ್ ಹೆಸರಿದೆ. ೧೯೨೪ರಲ್ಲಿ ಢಾಕಾದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸರ ಲೆಕ್ಕದಿಂದಲೇ ಅದು ಹೊರಟದ್ದು. ೨೦೦೩ರಲ್ಲಿ ರೋಚೆಸ್ಟರಿನ ರಾಬರ್ಟ್ ಬಾಯ್ಡ್ ಮತ್ತು ಸಂಗಡಿಗರು ಶೈತ್ಯದ ಗೊಡವೆಯೇ ಇಲ್ಲದೆ, ಸಾಧಾರಣ ಕೊಠಡಿಯಲ್ಲಿ, ಮಾಣಿಕ್ಯದ ಹರಳಿನೊಳಗೆ ಸೆಕೆಂಡಿಗೆ ಸುಮಾರು ೫೭ ಮೀಟರಿಗೆ ಬೆಳಕನ್ನು ಇಳಿಸಿದರು. ಪತ್ರಿಕೆಗಳು ಬೆಳಕನ್ನೇ ಕಟ್ಟಿಹಾಕಿದರೆಂದು ಬರೆದವು. ಆ ಮಿನುಗುಗಳು ಎಷ್ಟು ಉದ್ದನೆಯವು ಎಂಬುದನ್ನು ಮಾತ್ರ ಹೆಚ್ಚಿನವರು ಬರೆಯಲಿಲ್ಲ. ಮಾಣಿಕ್ಯದಲ್ಲಿ ಒಂದೊಂದು ಮಿನುಗೂ ಸೆಕೆಂಡಿನ ಸಾವಿರಾಂಶಗಳ ಲೆಕ್ಕದ್ದು. ಅಷ್ಟು ಹೊತ್ತಿನಲ್ಲಿ ಫೈಬರಿನಲ್ಲಿ ಒಂದು ಕೋಟಿ ಬಿಟ್ಟುಗಳು ಹೊರಟುಹೋಗಿರುತ್ತವೆ. ಈ ಚಿಕ್ಕ ಸಂಗತಿಯಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ.

ಹರಳು, ಮೋಡಗಳನ್ನು ಬಿಟ್ಟು, ಸಂಪರ್ಕದ ಗಾಜಿನ ಎಳೆಯಲ್ಲೇ ಬೆಳಕನ್ನು ನಿಧಾನಿಸಿದ್ದು ೨೦೦೫ರಲ್ಲಿ. ಸ್ವಿಟ್ಜರ್‌ಲೆಂಡಿನ ಲೊಸಾನ್ನಿನಲ್ಲಿ ಲೂಕ್ ತೆವೆನಾಜರ ತಂಡ, ಅಮೆರಿಕದಲ್ಲಿ ಕಾರ್ನೆಲ್ಲಿನ ಗೇಟಾ ಮತ್ತು ಅವರ ಜೊತೆಗಾರರ ತಂಡ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಸಾಧಿಸಿದವು. ಅವರು ಬಳಸಿದ್ದು ಫ್ರಾನ್ಸಿನ ಲಿಯಾನ್ ಬ್ರಿಲ್ವಾ ೧೯೨೨ರಲ್ಲಿ ವಿವರಿಸಿದ ಒಂದು ವಿದ್ಯಮಾನವನ್ನು. ಗಾಜಿನೊಳಗೆ ಸದಾ ಅತಿ ಸೂಕ್ಷ್ಮವಾದ ಶಬ್ದದ ಅಲೆಗಳು ಓಡಾಡುತ್ತಿರುತ್ತವೆ. ಬೆಳಕು ಅವುಗಳಿಗೆ ತಾಗಿ ಚದರುತ್ತದೆ, ಚದರಿದಾಗ ಅದರ ಬಣ್ಣ ಕೊಂಚ ಇಳಿಯುತ್ತದೆ. ಶಬ್ದದ ಅಲೆಗಳು ಬೆಳಕನ್ನು ಚದರಿಸುವ ಬಗ್ಗೆ ನಮ್ಮ ಬೆಂಗಳೂರಿಗೂ ಪಾಲಿದೆ. ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೩೫ರ ಸುಮಾರಿಗೆ ರೂಪಿಸಿದ ಸಿದ್ಧಾಂತವನ್ನು ಇಂದಿಗೂ ಅವರಿಬ್ಬರ ಹೆಸರಿನಿಂದಲೇ ಕರೆಯುತ್ತಾರೆ. ಅದು ಬೇರೆ ಸನ್ನಿವೇಶದ್ದು, ಆದರೆ ಬಳಗ ಒಂದೇ.

ಎಳೆಯ ಒಂದು ತುದಿಯಿಂದ ಬಲವಾದ ಬೆಳಕನ್ನು ಬಿಡುತ್ತಾರೆ, ಅದು ಶಕ್ತಿ ಒದಗಿಸುವ ಪಂಪಿನ ಬೆಳಕು. ಎದುರು ತುದಿಯಿಂದ ಸುದ್ದಿಯ ಬೆಳಕು ಬರುತ್ತದೆ. ಇವೆರಡರ ಕಂಪನ ಸಂಖ್ಯೆಗಳಲ್ಲಿ ಸೆಕೆಂಡಿಗೆ ಸುಮಾರು ೧೧೦೦ ಕೋಟಿಯ ವ್ಯತ್ಯಾಸವಿಟ್ಟರೆ, ಎರಡೂ ಸೇರಿ ಗಾಜಿನಲ್ಲಿ ಶಬ್ದದ ಅಲೆಯನ್ನು ಎಬ್ಬಿಸುತ್ತವೆ. ಆ ಅಲೆಯ ಮೂಲಕ ಪಂಪಿನ ಶಕ್ತಿ ಸುದ್ದಿಯ ಬೆಳಕಿಗೆ ವರ್ಗವಾಗುತ್ತದೆ. ಸುದ್ದಿಯ ಬೆಳಕಿಗೆ ಬಲ ಬರುವುದು ಈ ವ್ಯತ್ಯಾಸದ ಆಸುಪಾಸಿನ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಕಿರಿದಾದ ಪಟ್ಟಿ ಎಂದಮೇಲೆ ಕಡಿದಾದ ಭೇದ, ಕಡಿದಾದ ಭೇದ ಎಂದಮೇಲೆ ತಡ. ಪಂಪನ್ನು ಹೆಚ್ಚಿಸಿದರೆ ತಡ ಹೆಚ್ಚು, ತಗ್ಗಿಸಿದರೆ ಕಡಿಮೆ. ಬೇಕಾಗಿದ್ದ ಗುಬುಟು ಸಿಕ್ಕೇ ಸಿಕ್ಕಿತು! ಬೆಳಕಿಗೆ ಬಲ ಬಂದಷ್ಟೂ, ಒಂದೊಂದು ಡೆಸಿಬೆಲ್ಲಿಗೆ ಸುಮಾರು ಒಂದು ನ್ಯಾನೊಸೆಕೆಂಡ್ ತಡ, ಎಂದರೆ ಸೆಕೆಂಡಿನ ೧೦೦ ಕೋಟಿಯಲ್ಲಿ ಒಂದು ಪಾಲು. ಕಾರ್ನೆಲ್ಲಿನವರು ೨೫ ನ್ಯಾನೊಸೆಕೆಂಡುಗಳವರೆಗೆ ತಡೆದರು.

ಇನ್ನು ತೊಡಕಿನ ಮಾತು. ಬ್ರಿಲ್ವಾ ಪಟ್ಟಿಯ ಅಗಲ ಸೆಕೆಂಡಿಗೆ ೩ ಕೋಟಿ ಕಂಪನಗಳಷ್ಟು ಮಾತ್ರ. ಕೇಳಲು ದೊಡ್ಡದೆನಿಸಿದರೂ ಆ ಬೆಳಕಿನ ಕಂಪನ ಸಂಖ್ಯೆಯೇ ಸುಮಾರು ೧೯೩ ಲಕ್ಷ ಕೋಟಿ ಎಂಬುದನ್ನು ನೆನೆದರೆ ಅದು ಹೆಬ್ಬಾಗಿಲಲ್ಲ, ಬಾಗಿಲ ಸಂದಿ. ಮಿನುಗು ಚಿಕ್ಕದಾದಷ್ಟೂ ಅದರೊಳಗಿನ ಬಣ್ಣಗಳ ಹರಹು ದೊಡ್ಡದು. ಇದು ಅಲೆಗಳ ಹುಟ್ಟುಗುಣ, ಯಾರ ಜಾಣತನಕ್ಕೂ ಬಗ್ಗುವುದಲ್ಲ. ಸೆಕೆಂಡಿಗೆ ೧೦೦೦ ಕೋಟಿ ಬಿಟ್ ಕಳಿಸಬೇಕಾದರೆ ಒಂದೊಂದು ಮಿನುಗಿಗೂ ಹತ್ತಿರ ಹತ್ತಿರ ೧೦೦೦ ಕೋಟಿ ಕಂಪನಗಳ ಅಗಲ ಬೇಕು. ೩ ಕೋಟಿಯ ಸಂದಿಯಲ್ಲಿ ಅದು ತೂರುವುದೆಂತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಪ್ರಕೃತಿಯೇ ಹೇಳುತ್ತದೆ. ೨೦೦೫ರ ಪ್ರಯೋಗದಲ್ಲಿ ಬಳಸಲು ಬಂದ ಅತಿ ಚಿಕ್ಕ ಮಿನುಗು ೧೫ ನ್ಯಾನೊಸೆಕೆಂಡಿನದು. ಫೈಬರಿನ ಹಳೆಯ ವ್ಯವಹಾರದ ಬಿಟ್ಟೇ ಅದರ ೧೫೦ನೆಯ ಒಂದು ಪಾಲು.

ಬಲವಂತವಾಗಿ ತೂರಿಸಿದರೆ ಏನಾಗುತ್ತದೆ? ಮಿನುಗಿನ ನಡುವಿನ ಬಣ್ಣಗಳಿಗೆ ಪೂರ್ತಿ ಬಲ ಸಿಗುತ್ತದೆ, ಅಂಚಿನವಕ್ಕೆ ಸಿಗುವುದಿಲ್ಲ. ಅಂಚಿನ ಬಣ್ಣ ಕಳೆದುಕೊಂಡ ಮಿನುಗು ಹಿಗ್ಗುತ್ತದೆ. ಚೂಪಾಗಿ ಒಳಗೆ ಹೋದದ್ದು ಮೊಂಡಾಗಿ, ಹಿಂದೆ ಬಾಲ ಬಿಟ್ಟುಕೊಂಡು ಹೊರಗೆ ಬರುತ್ತದೆ. ಕಾರ್ಬನ್ ಕಾಗದ ಇಟ್ಟು ಟೈಪು ಮಾಡಿದ ಐದನೆಯ ಪ್ರತಿಯನ್ನು ಓದಬೇಕಾಗಿ ಬಂದ ಗುಮಾಸ್ತರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಕ್ಷರ ಎಲ್ಲ ಇರುತ್ತದೆ, ಆದರೆ 'ಮ'ವೋ 'ಯ'ವೋ ತಿಳಿಯದು. ಒಂಟಿ ಮಿನುಗನ್ನು ತಡೆದು ತೋರಿಸುವುದು ಪ್ರಯೋಗಶಾಲೆಯಲ್ಲಿ ಚೆಂದ. ಸುದ್ದಿಯಲ್ಲಿ ಮಿನುಗಿಗೆ ನೆರೆಹೊರೆಯುಂಟು. ಒಂದರ ಬಾಲ ಮುಂದಿನದರ ಮನೆಗೆ ನುಗ್ಗುತ್ತದೆ.

ಅದರಲ್ಲೂ ಒಂದು ಕುಚೋದ್ಯವಿದೆ, ನನಗೆ ಈ ವಿಷಯದಲ್ಲಿ ಬಹಳ ಸ್ವಾರಸ್ಯವಾಗಿ ಕಂಡದ್ದು ಅದೇ. ಎಲ್ಲ ಬಿಟ್ಟುಗಳೂ ಒಂದೇ ರೀತಿ ಕೆಡುವುದಿಲ್ಲ. '೧೧೧೧' ಎಂದು ಸಾಲಾಗಿ ಬಂದರೆ ಬೆಳಕು ಬಹು ಹೊತ್ತು ಒಂದೇ ಸಮನೆ ಉರಿದಂತೆ. ಅದರ ಬಣ್ಣಗಳ ಹರಹು ಚಿಕ್ಕದು, ಸಂದಿಯಲ್ಲಿ ಸಲೀಸಾಗಿ ಹೋಗುತ್ತದೆ, ಬಲವನ್ನೂ ಪೂರ್ತಿ ಪಡೆಯುತ್ತದೆ. '೦೦೧೦೦' ಎಂದು ಸೊನ್ನೆಗಳ ನಡುವೆ ಒಂದೇ ಒಂದು ಮಿನುಗು ಇದ್ದರೆ ಅದರ ಹರಹು ದೊಡ್ಡದು. ಅದು ಕುಗ್ಗಿ, ಹಿಗ್ಗಿ, ಕುಳ್ಳಾಗಿ ಹೊರಬರುತ್ತದೆ. '೧೧೦೧೧' ಎಂದಿದ್ದರೆ ನಡುವಿನ ಸೊನ್ನೆಯ ಹಳ್ಳವನ್ನು ಇಕ್ಕೆಲದ ಮಿನುಗುಗಳ ಬಾಲಗಳು ತುಂಬಿಬಿಡುತ್ತವೆ. ಕುಳ್ಳಾದ ಒಂದಕ್ಕೂ ತುಂಬಿಹೋದ ಸೊನ್ನೆಗೂ ಎತ್ತರದಲ್ಲಿ ಅಂತರವೇ ಉಳಿಯದಿದ್ದರೆ ಆಚೆ ತುದಿಯ ಯಂತ್ರ ಯಾವುದನ್ನು ಏನೆಂದು ಓದಬೇಕು? ಹೇಳುವ ಮಾತಿಗೆ ತಕ್ಕಂತೆ ಮಾತಿನ ಸ್ಪಷ್ಟತೆ ಬದಲಾಗುವ ಈ ದೋಷವನ್ನು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆಲನ್ ವಿಲ್ನರ್ ಮತ್ತು ಸಂಗಡಿಗರು ವಿವರವಾಗಿ ಅಭ್ಯಾಸ ಮಾಡಿದ್ದಾರೆ.

ಇದರ ಮೇಲೆ ಗದ್ದಲ ಬೇರೆ. ಪಂಪಿನ ಬೆಳಕು ಸುದ್ದಿಯನ್ನು ಬಲಪಡಿಸುವಾಗ, ಗಾಜಿನಲ್ಲಿ ತನ್ನಷ್ಟಕ್ಕೆ ಎದ್ದ ಶಬ್ದದ ಅಲೆಗಳಿಂದ ಚದರಿ ಬಂದ ಅನಾಮಿಕ ಬೆಳಕನ್ನೂ ಬಲಪಡಿಸುತ್ತದೆ. ಹೆಚ್ಚು ತಡ ಬೇಕೆಂದು ಪಂಪನ್ನು ಏರಿಸುತ್ತ ಹೋದರೆ ಕೊನೆಗೆ ಈ ಅನಾಮಿಕವೇ ಶಕ್ತಿಯನ್ನೆಲ್ಲ ನುಂಗಿ ನಿಲ್ಲುತ್ತದೆ. ಸಂತೆಯಲ್ಲಿ ಮೈಕಿನ ದನಿ ಏರಿಸಿದರೆ ಭಾಷಣದೊಡನೆ ಗಿಜಿಗಿಜಿಯೂ ಏರುವುದಲ್ಲವೇ, ಹಾಗೆ.

ಇಂತಹದೇ ಕಷ್ಟವನ್ನು ತಾರಿನವರು ೧೮೫೮ರಲ್ಲೇ ಅನುಭವಿಸಿದ್ದರು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿಯಲ್ಲಿ ವಿಕ್ಟೋರಿಯ ರಾಣಿಯ ೯೮ ಪದಗಳ ಸಂದೇಶ ಹೋಗಲು ೧೬ ಗಂಟೆ ಹಿಡಿಯಿತು. ನೀರಿನಲ್ಲಿ ಮುಳುಗಿದ ಉದ್ದ ತಂತಿ ಪ್ರತಿ ಚುಕ್ಕೆಯನ್ನೂ ಎಳೆದು ಹಿಗ್ಗಿಸುತ್ತಿತ್ತು, ಬೇಗ ಬೇಗ ಕಳಿಸಿದರೆ ಚುಕ್ಕೆಗಳು ಒಂದಕ್ಕೊಂದು ಬೆರೆತುಹೋಗುತ್ತಿದ್ದವು. ವೈಟ್‌ಹೌಸ್ ಎಂಬ ಅಧಿಕಾರಿ ವಿದ್ಯುತ್ತಿನ ಒತ್ತಡ ಏರಿಸಿದರೆ ಸರಿಹೋದೀತೆಂದು ಏರಿಸಿದರು. ಕೆಲವೇ ವಾರಗಳಲ್ಲಿ ತಂತಿಯೇ ಸತ್ತಿತು. ಹಿಗ್ಗುವುದು ತಂತಿಯ ಗುಣ, ಅದಕ್ಕೆ ಬಲಪ್ರಯೋಗ ಮದ್ದಲ್ಲ ಎಂದು ಲೆಕ್ಕದಿಂದ ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಕೆಲ್ವಿನ್ ಪ್ರಭು ಎಂದು ಹೆಸರಾದವರು.

ಸಂಕೇತ ಎಷ್ಟು ಕೆಟ್ಟಿದೆ ಎಂಬುದನ್ನು ಅಳೆಯುವ ಉಪಾಯವೂ ಸೊಗಸಾದುದು. ಬಂದ ಬಿಟ್ಟುಗಳನ್ನೆಲ್ಲ ಒಂದರ ಮೇಲೊಂದು ಹೇರಿ ಯಂತ್ರದ ಪರದೆಯ ಮೇಲೆ ಬರೆಸುತ್ತಾರೆ. ಸಂಕೇತ ಚೆನ್ನಾಗಿದ್ದರೆ ಮೇಲೆ ಒಂದರ ಗೆರೆ, ಕೆಳಗೆ ಸೊನ್ನೆಯ ಗೆರೆ, ನಡುವೆ ತೆರೆದ ಕಣ್ಣಿನಂತಹ ಬಯಲು. ಕೆಟ್ಟಷ್ಟೂ ಆ ಕಣ್ಣು ಮುಚ್ಚುತ್ತ ಬರುತ್ತದೆ. ಇದಕ್ಕೆ ಕಣ್ಣಿನ ಚಿತ್ರವೆಂದೇ ಹೆಸರು. ಕಣ್ಣಿನ ತೆರವನ್ನು ಗದ್ದಲದ ಹರಹಿಗೆ ಹೋಲಿಸಿ 'ಕ್ಯೂ' ಎಂಬ ಒಂದು ಅಂಕವನ್ನು ಲೆಕ್ಕ ಹಾಕುತ್ತಾರೆ. ಆ ಅಂಕ ೬ ಇದ್ದರೆ ೧೦೦ ಕೋಟಿ ಬಿಟ್ಟುಗಳಲ್ಲಿ ಒಂದು ತಪ್ಪು. ಇದು ಬಹಳ ಒಳ್ಳೆಯ ಗುಮಾಸ್ತಿಕೆ ಎನಿಸೀತು. ಆದರೆ ಸೆಕೆಂಡಿಗೆ ೧೦೦೦ ಕೋಟಿ ಬಿಟ್ ಬರುವ ಕಡೆ ಸೆಕೆಂಡಿಗೆ ಹತ್ತು ತಪ್ಪು ಎಂದಾಯಿತು!

ತಪ್ಪಾದ ಬಿಟ್ಟಿನಿಂದ ಊರಿಗೆ ಕಳಿಸಿದ ೫೦೦ ರೂಪಾಯಿ ೯೦೦ ಆದೀತೆಂದು ಯಾರೂ ಹೆದರಬೇಕಾಗಿಲ್ಲ, ಆಸೆಪಡಬೇಕಾಗಿಯೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ನಾವು ಅಡ್ಡ ಮೊತ್ತವನ್ನೂ ಉದ್ದ ಮೊತ್ತವನ್ನೂ ಹಾಕಿ ತಾಳೆ ನೋಡುತ್ತೇವೆ. ಒಂದು ಅಡ್ಡ ಸಾಲು, ಒಂದು ಕಂಬಸಾಲು ತಾಳೆಯಾಗದಿದ್ದರೆ ಅವೆರಡೂ ಕೂಡುವ ಮನೆಯಲ್ಲೇ ತಪ್ಪಿದೆಯೆಂದು ಬೆರಳಿಟ್ಟು ತೋರಿಸಬಹುದು. ಬೆಳಕಿನ ಸುದ್ದಿಯಲ್ಲಿಯೂ ಇದೇ ಧಾಟಿಯ ಹೆಚ್ಚುವರಿ ಬಿಟ್ಟುಗಳನ್ನು ಸೇರಿಸಿ ಕಳಿಸುತ್ತಾರೆ. ನೂರಕ್ಕೆ ಏಳರಷ್ಟು ಹೆಚ್ಚುವರಿ ಸೇರಿಸಿದರೆ, ಸಾವಿರಕ್ಕೆ ಮೂರು ತಪ್ಪು ಇದ್ದರೂ ತಿದ್ದಿಕೊಳ್ಳುವ ವಿಧಾನಗಳು ಇವೆ. ಅದನ್ನೂ ಮೀರಿ ಕೆಟ್ಟ ಕಟ್ಟನ್ನು ಯಂತ್ರ ಬಿಸಾಡುತ್ತದೆ, ಕಳಿಸಿದವರು ಮತ್ತೊಮ್ಮೆ ಕಳಿಸಬೇಕಾಗುತ್ತದೆ. ಸಾಲನ್ನು ಸರಿಪಡಿಸಲೆಂದು ಇಟ್ಟ ಉಪಕರಣವೇ ಸುದ್ದಿ ಕೆಡಿಸಿ, ಅದನ್ನು ಮರಳಿ ಕಳಿಸುವಂತೆ ಮಾಡಿ, ಸಾಲನ್ನು ಇಮ್ಮಡಿ ಮಾಡಿದರೆ ಯಾವ ಪುರುಷಾರ್ಥ?

ಸಂಶೋಧಕರು ಕೈಕಟ್ಟಿ ಕೂರಲಿಲ್ಲ. ಸಂದಿ ಕಿರಿದಾಗಿದ್ದರೆ ಅಗಲ ಮಾಡಿದರಾಯಿತು. ಪಂಪಿನ ಬೆಳಕನ್ನು ಒಂದೇ ಬಣ್ಣದಲ್ಲಿಡದೆ, ಬೇಕೆಂದೇ ಅದರ ಕಂಪನ ಸಂಖ್ಯೆಯನ್ನು ಅತ್ತಿತ್ತ ಅಲುಗಿಸಿದರೆ ಪಟ್ಟಿ ಅಗಲವಾಗುತ್ತದೆ. ಲೊಸಾನ್ನಿನವರು ೨೦೦೬ರಲ್ಲಿ ಈ ದಾರಿ ತೋರಿಸಿದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಗೌಥಿಯರ್ ಮತ್ತು ವಿಲ್ನರ್ ತಂಡಗಳು ಸೇರಿ ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಟ್ಟಿ ೧೨೬೦ ಕೋಟಿ ಕಂಪನಗಳಷ್ಟು ಅಗಲವಾಯಿತು. ಸೆಕೆಂಡಿಗೆ ೧೦೦೦ ಕೋಟಿ ಬಿಟ್ಟಿಗೆ ಸಾಕಾಗುವ ಅಗಲ. ಒಂದು ದೊಡ್ಡ ಗೆಲುವೇ ಸರಿ. ಆದರೆ ಅಗಲ ಮಾಡಿದಾಗ ಮೆಟ್ಟಿಲು ಇಳಿಜಾರಾಯಿತು, ಭೇದದ ಕಡಿದು ಹೋಯಿತು. ನ್ಯಾನೊಸೆಕೆಂಡಿನ ಸಾವಿರದ ೭೫ ಪಾಲಿನ ಮಿನುಗಿಗೆ ಅಲ್ಲಿ ದೊರೆತ ತಡ ಸಾವಿರದ ೪೭ ಪಾಲು. ಒಂದು ಬಿಟ್ಟಿನಷ್ಟೂ ಇಲ್ಲ! ಒಂದು ಕಟ್ಟನ್ನು ಕಾಯಿಸಲು ಬೇಕಾದದ್ದು ೧೨,೦೦೦ ಬಿಟ್ಟಿನ ತಡ ಎಂಬುದನ್ನು ವಾಚಕರು ಮರೆತಿರಲಾರರು.

ಪಟ್ಟಿಯನ್ನು ಇನ್ನೂ ಅಗಲಿಸಲು ಹೋದರೆ ಬೇರೊಂದು ಗೋಡೆ ಅಡ್ಡ ಬರುತ್ತದೆ. ಪಂಪಿನ ಬೆಳಕು ತನ್ನ ಒಂದು ಪಕ್ಕದ ಬಣ್ಣಕ್ಕೆ ಬಲ ಕೊಟ್ಟರೆ ಇನ್ನೊಂದು ಪಕ್ಕದ ಬಣ್ಣದಿಂದ ಬಲ ಕಿತ್ತುಕೊಳ್ಳುತ್ತದೆ. ಎರಡೂ ಪಟ್ಟಿಗಳು ಅಗಲವಾಗುತ್ತ ಬಂದು ಒಂದರ ಮೇಲೊಂದು ಬಿದ್ದರೆ, ಕೊಟ್ಟದ್ದು ಕೊಂಡದ್ದು ಸರಿಹೋಗಿ ಲಾಭ ಸೊನ್ನೆ. ಎರಡನೆಯ ಪಂಪೊಂದನ್ನು ಇಟ್ಟು ಕಿತ್ತುಕೊಳ್ಳುವುದನ್ನು ಸರಿದೂಗಿಸಿ, ಟೋಕಿಯೋದಲ್ಲಿ ಅದೇ ೨೦೦೭ರಲ್ಲಿ ೨೫೦೦ ಕೋಟಿಯ ಅಗಲವನ್ನೂ ಮುಟ್ಟಿದರು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಸಮತಟ್ಟು ಮಾಡಿ, ಅಂಚಿನ ಬಣ್ಣಗಳಿಗೂ ಸಮಪಾಲು ಸಿಗುವಂತೆ ಮಾಡುವ ಉಪಾಯವನ್ನು ಡ್ಯೂಕಿನವರು ೨೦೦೫ರಲ್ಲೇ ಹೂಡಿದ್ದರು. ಇದರಿಂದ ಅದೇ ತಡಕ್ಕೆ ಮಿನುಗು ಕಡಿಮೆ ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸಗಳಲ್ಲೆಲ್ಲ ಹೆಚ್ಚು ವಿವೇಕದ್ದು ಇದೇ: ತಡವೊಂದನ್ನೇ ಬೆನ್ನಟ್ಟದೆ, ಇಂತಿಷ್ಟಕ್ಕಿಂತ ಸುದ್ದಿ ಕೆಡಕೂಡದು ಎಂದು ಮೊದಲೇ ಗೆರೆ ಎಳೆದು, ಆ ಗೆರೆಯೊಳಗೆ ಎಷ್ಟು ತಡ ಸಿಕ್ಕೀತೆಂದು ಕೇಳಿದ್ದು.

ಕೂಡಿಡುವ ಉಗ್ರಾಣವಾಗಿ ನಿಧಾನಗತಿಯ ಬೆಳಕು ನಡೆಯಲಾರದೆಂದು ಮೆಲ್ಬರ್ನಿನ ರಾಡ್ನಿ ಟಕ್ಕರ್ ಮತ್ತು ಜೊತೆಗಾರರು ೨೦೦೫ರಲ್ಲೇ 'ನಿಧಾನಗತಿಯ ಉಗ್ರಾಣಗಳ ಮಿತಿ' ಎಂಬ ಅರ್ಥದ ಲೇಖನ ಬರೆದು ಎಚ್ಚರಿಸಿದ್ದರು. ಬೆಳಕು ನಿಧಾನಿಸಿದಾಗ ಮಿನುಗುಗಳು ಒತ್ತೊತ್ತಾಗಿ ನಿಲ್ಲುವುದು ನಿಜ, ಆದರೆ ಆ ಒತ್ತುವಿಕೆಗೂ ಮೇರೆಯುಂಟು, ತಡ ಮತ್ತು ಪಟ್ಟಿಯ ಅಗಲಗಳ ಗುಣಲಬ್ಧಕ್ಕೆ ಕಟ್ಟು ಬಿದ್ದಿದೆ ಎಂಬುದು ಅವರ ವಾದದ ತಿರುಳು. ರೌಟರುಗಳು ಇಂದಿಗೂ ಬೆಳಕನ್ನು ವಿದ್ಯುತ್ತಾಗಿ ಮಾಡಿಯೇ ಕೂಡಿಡುತ್ತವೆ. ಆ ಮಟ್ಟಿಗೆ ೧೯೯೯ರ ಕನಸು ಕೈಗೂಡಲಿಲ್ಲವೆಂದೇ ಹೇಳಬೇಕು.

ಹಾಗೆಂದು ಕೆಲಸ ವ್ಯರ್ಥವಾಗಲಿಲ್ಲ. ಒಂದು ಬಿಟ್ಟಿನ ಒಳಗಿನ ಸಣ್ಣ ತಡವೇ ಸಾಕಾಗುವ ಎಡೆಗಳಿವೆ. ಎರಡು ಸಾಲುಗಳ ಹೆಜ್ಜೆ ಹೊಂದಿಸುವುದು, ರೇಡಿಯೋ ಅಲೆಗಳನ್ನು ಬೆಳಕಿನ ಮೇಲೆ ಹೊರಿಸಿ ಅವುಗಳ ಸಮಯ ಸರಿಮಾಡುವುದು ಅಂಥವು. ಗಾಜಿನ ಎಳೆಯ ಬದಲು ಸಿಲಿಕಾನಿನ ಬಿಲ್ಲೆಯಲ್ಲಿ ಸಾಲುಸಾಲಾಗಿ ಸೂಕ್ಷ್ಮ ರಂಧ್ರ ಕೊರೆದು ಬೆಳಕನ್ನು ನಿಧಾನಿಸುವ ಮಾರ್ಗವೂ ಬೆಳೆದಿದೆ. ೨೦೦೫ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಅದರಲ್ಲಿ ೩೦೦ ಪಟ್ಟಿಗೂ ಮೀರಿ ನಿಧಾನವನ್ನು ಸಾಧಿಸಿದರು. ಅಲ್ಲಿಯೂ ನಿಧಾನಿಸಿದಷ್ಟೂ ರಂಧ್ರಗಳ ಒರಟು ಅಂಚಿಗೆ ತಾಗಿ ಬೆಳಕು ಹೆಚ್ಚು ಸೋರುತ್ತದೆ, ತಡಕ್ಕೆ ಸುಂಕ ತಪ್ಪಿದ್ದಲ್ಲ. ಜಪಾನಿನ ಯೊಕೊಹಾಮದಲ್ಲಿ ತೋಶಿಹಿಕೊ ಬಾಬಾ ಅವರು, ಇಂತಹ ಬಿಲ್ಲೆಯಿಂದ ಹೊರಬೀಳುವ ಬೆಳಕಿನ ದಿಕ್ಕು ಬಣ್ಣ ಬದಲಿಸಿದೊಡನೆ ಬಹಳವಾಗಿ ತಿರುಗುತ್ತದೆಂಬುದನ್ನು ಹಿಡಿದು, ಎದುರಿನ ವಸ್ತುಗಳ ದೂರವನ್ನು ಬೆಳಕಿನಿಂದ ಅಳೆಯುವ ಉಪಕರಣಕ್ಕೆ ಅದನ್ನು ಒಗ್ಗಿಸಿದ್ದಾರೆ.

ಬ್ರಿಲ್ವಾನ ಕಿರಿದಾದ ಪಟ್ಟಿಗೂ ಬೇರೆ ಉದ್ಯೋಗ ಉಂಟು. ಗಾಜು ಬಿಸಿಯಾದರೆ ಅಥವಾ ಜಗ್ಗಿದರೆ ಅದರೊಳಗಿನ ಶಬ್ದದ ವೇಗ ಬದಲಾಗಿ, ಆ ೧೧೦೦ ಕೋಟಿಯ ವ್ಯತ್ಯಾಸವೂ ತುಸು ಕದಲುತ್ತದೆ. ಒಂದು ಡಿಗ್ರಿ ಬಿಸಿಗೆ ಸುಮಾರು ೧೦ ಲಕ್ಷ ಕಂಪನಗಳಷ್ಟು. ಪಟ್ಟಿ ಅಗಲವಾಗಿದ್ದರೆ ಇಷ್ಟು ಚಿಕ್ಕ ಕದಲಿಕೆ ಅದರೊಳಗೆ ಮುಳುಗಿಹೋಗುತ್ತಿತ್ತು. ಕಿರಿದಾಗಿರುವುದರಿಂದ ಎದ್ದು ಕಾಣುತ್ತದೆ. ಸೇತುವೆ, ಅಣೆಕಟ್ಟು, ಎಣ್ಣೆಯ ಕೊಳವೆಗಳ ಉದ್ದಕ್ಕೂ ಎಳೆಯೊಂದನ್ನು ಹಾಸಿ, ಮಿನುಗು ಹೋಗಿ ಮರಳುವ ಹೊತ್ತನ್ನು ಲೆಕ್ಕ ಹಾಕಿದರೆ, ಹತ್ತಾರು ಕಿಲೋಮೀಟರುಗಳಲ್ಲಿ ಯಾವ ಜಾಗ ಬಿಸಿಯಾಗಿದೆ, ಯಾವುದು ಜಗ್ಗಿದೆ ಎಂಬುದನ್ನು ಒಂದೆಡೆ ಕುಳಿತು ಓದಬಹುದು. ಅಲ್ಲಿ ಎಳೆ ಯಾರ ಸುದ್ದಿಯನ್ನೂ ಹೊರುವುದಿಲ್ಲ, ತನ್ನ ಸುದ್ದಿಯನ್ನೇ ಹೇಳುತ್ತದೆ.